ಇಂಗಾಲದ ಹುಂಡಿ

ಹುಂಡಿ ಎಂದರೆ ಈಗಿನವರಿಗೆ ದೇವಸ್ಥಾನದ ಕಾಣಿಕೆಯ ಪೆಟ್ಟಿಗೆಯೇ ಮೊದಲು ನೆನಪಿಗೆ ಬರುತ್ತದೆ. ಆದರೆ ನಮ್ಮ ಪೇಟೆಗಳ ಹಳೆಯ ವರ್ತಕರಿಗೆ ಹುಂಡಿಯೆಂದರೆ ಒಂದು ಕಾಗದ. ಇಲ್ಲಿಯ ಅಡತಿಯವನು ಬರೆದುಕೊಟ್ಟ ಆ ಕಾಗದವನ್ನು ಸೊಲ್ಲಾಪುರದಲ್ಲಿಯೋ ಮುಂಬಯಿಯಲ್ಲಿಯೋ ತೋರಿಸಿದರೆ ರೊಕ್ಕ ಕೈಗೆ ಬರುತ್ತಿತ್ತು. ಕಾಗದಕ್ಕೆ ಸ್ವತಃ ಬೆಲೆಯಿಲ್ಲ. ಅದರ ಹಿಂದೆ ನಿಜವಾದ ಹಣವಿದೆ, ಬರೆದವನು ಮಾತಿಗೆ ತಪ್ಪುವವನಲ್ಲ ಎಂಬ ನಂಬಿಕೆಯೇ ಅದರ ಬೆಲೆ. ಆ ನಂಬಿಕೆ ಹೋದ ದಿನ ಹುಂಡಿ ಬರಿಯ ಚೀಟಿ.

ಅಂಥದೇ ಒಂದು ಹೊಸ ಹುಂಡಿ ಕಳೆದ ಇಪ್ಪತ್ತು ವರ್ಷಗಳಿಂದ ಜಗತ್ತಿನ ಪೇಟೆಯಲ್ಲಿ ಓಡಾಡುತ್ತಿದೆ. ಅದರ ಹೆಸರು ಕಾರ್ಬನ್ ಕ್ರೆಡಿಟ್. “ಒಂದು ಟನ್ ಇಂಗಾಲಾಮ್ಲ ವಾಯು ಆಕಾಶಕ್ಕೆ ಸೇರದಂತೆ ನಾನು ತಡೆದಿದ್ದೇನೆ” ಎಂದು ಒಬ್ಬನು ಬರೆದುಕೊಡುತ್ತಾನೆ. ತನ್ನ ಕಾರ್ಖಾನೆಯ ಹೊಗೆಯನ್ನು ಇಳಿಸಲಾರದ ಇನ್ನೊಬ್ಬನು ಹಣ ಕೊಟ್ಟು ಆ ಪತ್ರವನ್ನು ಕೊಳ್ಳುತ್ತಾನೆ. ಹಳೆಯ ಪಠ್ಯಪುಸ್ತಕಗಳ ಇಂಗಾಲಾಮ್ಲ ವಾಯುವನ್ನೇ ಈಗ ಇಂಗಾಲದ ಡೈ ಆಕ್ಸೈಡ್ ಎನ್ನುತ್ತೇವೆ. ಎಷ್ಟೋ ವಿದ್ಯುತ್ ಕಂಪನಿಗಳಿಗೆ ಈ ಪತ್ರಗಳ ಕೊಡುಕೊಳ್ಳುವಿಕೆ ಈಗ ಒಂದು ಪ್ರತ್ಯೇಕ ಉದ್ಯೋಗವೇ ಆಗಿದೆ. ಈ ವ್ಯಾಪಾರ ಎಲ್ಲಿ ಹುಟ್ಟಿತು, ಕರ್ನಾಟಕಕ್ಕೆ ಹೇಗೆ ಬಂತು, ಎಲ್ಲಿ ಎಡವಿತು, ಕೃಷ್ಣಾತೀರದ ನಮಗೆ ಇದರಿಂದ ತಿಳಿಯಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಎರಡು ವಿದ್ಯುದಾಗಾರಗಳು

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡವನ್ನು ನಡುಬಿಂದುವಾಗಿ ಇಟ್ಟುಕೊಳ್ಳಿರಿ. ಅಲ್ಲಿಂದ ಕೃಷ್ಣೆ ಬಹಳ ದೂರವಿಲ್ಲ. ಹೊಳೆಯ ಕೆಳಗಡೆ ನಾರಾಯಣಪುರದ ಬಸವಸಾಗರ, ಮೇಲುಗಡೆ ಆಲಮಟ್ಟಿ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟುದು 1964ರ ಮೇ ತಿಂಗಳಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದುದು 2006ರ ಆಗಸ್ಟಿನಲ್ಲಿ. ಆ ಅಣೆಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ನೀರು ಚಕ್ರವನ್ನು ತಿರುಗಿಸಿ ಹೊರಟುಹೋಗುತ್ತದೆ. ಚಿಮಣಿಯ ಅವಶ್ಯಕತೆ ಅಲ್ಲಿ ಇಲ್ಲ.

ಅದೇ ಆಲಮಟ್ಟಿಯ ನೀರನ್ನು ನೆಚ್ಚಿಕೊಂಡು, ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿ ಸಂಸ್ಥೆ ಕಲ್ಲಿದ್ದಲಿನ ಕೇಂದ್ರವನ್ನು ಕಟ್ಟಿತು. 800 ಮೆಗಾವ್ಯಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವ್ಯಾಟ್. 2014ರ ಜುಲೈಯಲ್ಲಿ ಅದನ್ನು ವಿರೋಧಿಸಿ ನಿಂತ ರೈತರ ಮೇಲೆ ಪೊಲೀಸರ ಗೋಲಿಬಾರ್ ನಡೆದುದನ್ನು ಈ ಸೀಮೆಯವರು ಮರೆತಿಲ್ಲ. ತರುವಾಯ ಘಟಕಗಳು ಒಂದೊಂದಾಗಿ ಎದ್ದು ನಿಂತುವು.

ಈಗ ಒಂದು ಸಣ್ಣ ಗಣಿತ. ಮೂರೂ ಘಟಕಗಳು ಪೂರ್ಣ ಶಕ್ತಿಯಿಂದ ಓಡಿದರೆ ತಾಸಿಗೆ 24 ಲಕ್ಷ ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸ್ಥೂಲವಾಗಿ 900 ಗ್ರಾಂ ಇಂಗಾಲಾಮ್ಲ ವಾಯು ಎಂದು ಹಿಡಿದರೆ, ತಾಸಿಗೆ ಎರಡು ಸಾವಿರ ಟನ್ನಿಗೂ ಮೀರಿತು. ಉರಿದ ಕಲ್ಲಿದ್ದಲಿಗಿಂತ ಹೊಗೆಯ ತೂಕವೇ ಹೆಚ್ಚಾಗಬಹುದೆ ಎಂದು ನೀವು ಕೇಳಬಹುದು. ಆಗಬಹುದು. ಇಂಗಾಲವು ಉರಿಯುವಾಗ ಗಾಳಿಯ ಆಮ್ಲಜನಕವನ್ನು ತನ್ನೊಡನೆ ಕೂಡಿಸಿಕೊಳ್ಳುತ್ತದೆ. ಒಂದು ಕಿಲೋ ಶುದ್ಧ ಇಂಗಾಲದಿಂದ ಮೂರೂವರೆ ಕಿಲೋಗೂ ಹೆಚ್ಚು ಇಂಗಾಲಾಮ್ಲ ಹುಟ್ಟುತ್ತದೆ.

ಈ ವಾಯು ಭೂಮಿಯ ಕಾವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅದು ಇಮ್ಮಡಿಯಾದರೆ ಭೂಮಿಯ ಉಷ್ಣತೆ ಎಷ್ಟು ಏರೀತೆಂದು ಸ್ವೀಡನ್ನಿನ ಅರೀನಿಯಸ್ ಎಂಬ ವಿಜ್ಞಾನಿ 1896ರಷ್ಟು ಹಿಂದೆಯೇ ಲೆಕ್ಕ ಹಾಕಿದ್ದನು. ಅಮೆರಿಕದ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದರದು ಸುಮಾರು 315 ಭಾಗ. ಈಗ 420ನ್ನು ದಾಟಿದೆ. ಕೂಡಗಿಯ ಹೊಗೆಗೂ ಜರ್ಮನಿಯ ಹೊಗೆಗೂ ಆಕಾಶದಲ್ಲಿ ಗಡಿಕಲ್ಲು ಇಲ್ಲ. ಎಲ್ಲಿ ತಡೆದರೂ ಫಲ ಒಂದೇ ಎಂಬ ಈ ಸಂಗತಿಯೇ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು.

ಹೊಗೆಗೆ ಬೆಲೆ ಕಟ್ಟಿದ ಬಗೆ

ಕಾರ್ಖಾನೆಯ ಹೊಗೆಯಿಂದ ನೆರೆಯವನಿಗೆ ಆಗುವ ನಷ್ಟವನ್ನು ಕಾರ್ಖಾನೆಯವನ ಲೆಕ್ಕಕ್ಕೇ ಸೇರಿಸಬೇಕು, ಅದಕ್ಕಾಗಿ ತೆರಿಗೆ ಹಾಕಬೇಕು ಎಂದು ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಪಿಗೂ 1920ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. 1968ರಲ್ಲಿ ಕೆನಡಾದ ಜಾನ್ ಡೇಲ್ಸ್ ಬೇರೊಂದು ಹಾದಿ ತೋರಿಸಿದನು. ಸರಕಾರವು ಒಟ್ಟು ಮಾಲಿನ್ಯಕ್ಕೆ ಒಂದು ಮಿತಿ ಗೊತ್ತುಮಾಡಲಿ. ಆ ಮಿತಿಯೊಳಗೆ ಪರವಾನಗಿ ಚೀಟಿಗಳನ್ನು ಹಂಚಲಿ. ಮಿಕ್ಕವನು ಮಾರಲಿ, ಸಾಲದವನು ಕೊಳ್ಳಲಿ ಎಂಬುದು ಅವನ ಸೂಚನೆ. ಅಮೆರಿಕವು 1990ರ ಕಾನೂನಿನ ಮೇರೆಗೆ ವಿದ್ಯುತ್ ಕೇಂದ್ರಗಳ ಗಂಧಕದ ಹೊಗೆಗೆ ಈ ಪದ್ಧತಿಯನ್ನು ಅನ್ವಯಿಸಿ, 1995ರಿಂದ ಜಾರಿಗೆ ತಂದಿತು. ಆಮ್ಲದ ಮಳೆ ಗಣನೀಯವಾಗಿ ಇಳಿಯಿತು. ಅಲ್ಲಿ ಪ್ರತಿಯೊಂದು ಚಿಮಣಿಗೂ ಅಳತೆಯ ಯಂತ್ರವಿತ್ತು ಎಂಬುದನ್ನು ಗಮನದಲ್ಲಿಡಿರಿ.

ಇಂಗಾಲದ ವ್ಯಾಪಾರಕ್ಕೆ ಇನ್ನೊಂದು ಹುಟ್ಟೂ ಇದೆ. ಅದನ್ನು ಹುಟ್ಟುಹಾಕಿದುದು ಒಂದು ವಿದ್ಯುತ್ ಕಂಪನಿ. 1980ರ ದಶಕದ ಕೊನೆಗೆ ಅಮೆರಿಕದ ಎಇಎಸ್ ಕಂಪನಿ ಕನೆಕ್ಟಿಕಟ್ ಸಂಸ್ಥಾನದಲ್ಲಿ 183 ಮೆಗಾವ್ಯಾಟಿನ ಕಲ್ಲಿದ್ದಲಿನ ಕೇಂದ್ರವನ್ನು ಕಟ್ಟುತ್ತಿತ್ತು. ಅದರ ಹೊಗೆಗೆ ಪ್ರತಿಯಾಗಿ ದೂರದ ಗ್ವಾಟೆಮಾಲಾ ದೇಶದ ಸುಮಾರು 40,000 ರೈತರ ಕೈಯಿಂದ 5 ಕೋಟಿ 20 ಲಕ್ಷ ಗಿಡಗಳನ್ನು ನೆಡಿಸಲು ಅದು ಹಣ ಕೊಟ್ಟಿತು. ಗಿಡಗಳು ಬೆಳೆಯುತ್ತ ಬೆಳೆಯುತ್ತ ಹೊಗೆಯನ್ನು ಹೀರಿಕೊಂಡಾವು ಎಂಬುದು ಲೆಕ್ಕ. ಚಿಮಣಿ ಮಾತ್ರ ಹೇಳಿದಂತೆ ಹೊಗೆ ಬಿಟ್ಟಿತು. ಮರಗಳು ಹೇಳಿದಷ್ಟು ಇಂಗಾಲ ಹಿಡಿಯಲಿಲ್ಲವೆಂದು ಹತ್ತು ವರ್ಷಗಳ ತರುವಾಯ ನಡೆದ ಪರಿಶೀಲನೆ ತೋರಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಆಯಿತು.

ಹೀಗೆ ಮೊದಲಿನಿಂದಲೂ ಎರಡು ಬಗೆಗಳಿವೆ. ಒಂದು, ಚಿಮಣಿಯ ಬಾಯಲ್ಲಿ ಅಳೆದ ಹೊಗೆಯ ವ್ಯಾಪಾರ. ಇನ್ನೊಂದು, ಬೇರೆಲ್ಲಿಯೋ ತಡೆಯಲಾಯಿತೆಂದು ಹೇಳುವ, ಯಾರೂ ಕಣ್ಣಿನಿಂದ ಕಾಣದ ಹೊಗೆಯ ವ್ಯಾಪಾರ. ಭಾರತಕ್ಕೆ ಮೊದಲು ಬಂದುದು ಎರಡನೆಯ ಬಗೆ.

ಕ್ಯೋಟೋದಿಂದ ಕರ್ನಾಟಕಕ್ಕೆ

1997ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಆದ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು 2008ರಿಂದ 2012ರ ಅವಧಿಯಲ್ಲಿ ತಮ್ಮ ಹೊಗೆಯನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇಕಡಾ 5ರಷ್ಟು ಇಳಿಸಬೇಕಾಗಿತ್ತು. ಒಪ್ಪಂದ ಜಾರಿಗೆ ಬಂದುದು 2005ರ ಫೆಬ್ರವರಿ 16ರಂದು. ತಮ್ಮ ದೇಶದಲ್ಲಿ ಇಳಿಸುವುದು ದುಬಾರಿಯಾದರೆ, ಭಾರತದಂಥ ದೇಶಗಳಲ್ಲಿ ಉಳಿಸಿದ ಟನ್ನುಗಳನ್ನು ಕೊಳ್ಳಬಹುದೆಂದು ಅದರಲ್ಲಿ ಒಂದು ಏರ್ಪಾಡಿತ್ತು. ಅದರ ಹೆಸರು ‘ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ’, ಅಂದರೆ ಸಿಡಿಎಂ. ಭಾರತವು 2002ರಲ್ಲಿ ಒಪ್ಪಂದಕ್ಕೆ ಸೇರಿತು. 2003ರ ಡಿಸೆಂಬರಿನಲ್ಲಿ ಯೋಜನೆಗಳನ್ನು ಪರಿಶೀಲಿಸುವ ರಾಷ್ಟ್ರೀಯ ಪ್ರಾಧಿಕಾರವನ್ನು ರಚಿಸಿತು. ನೋಡನೋಡುತ್ತ ಈ ಪೇಟೆಯಲ್ಲಿ ಚೀನದ ನಂತರದ ಸ್ಥಾನ ನಮ್ಮದಾಯಿತು.

ಕರ್ನಾಟಕವೂ ಹಿಂದೆ ಬೀಳಲಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ತೆಂಗಿನ ಗರಿ, ಕಬ್ಬಿನ ರವದಿ ಮೊದಲಾದುವನ್ನು ಉರಿಸಿ ನಾಲ್ಕೂವರೆ ಮೆಗಾವ್ಯಾಟ್ ವಿದ್ಯುತ್ತು ತೆಗೆಯುವ ಕೇಂದ್ರವೊಂದು ಈ ಪಟ್ಟಿಗೆ ಸೇರಿತು. ಹೊಸಪೇಟೆಯ ಎಂಎಸ್‌ಪಿಎಲ್ ಕಂಪನಿಯ 125 ಮೆಗಾವ್ಯಾಟಿನ ಗಾಳಿಯಂತ್ರಗಳು ಸೇರಿದುವು. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಎನರ್ಜಿ ಕಂಪನಿಯು ಉಕ್ಕಿನ ಕುಲುಮೆಯಿಂದ ಹೊರಬೀಳುವ ಅನಿಲವನ್ನು ವಿದ್ಯುತ್ತಿಗೆ ಬಳಸಿ, ಅದಕ್ಕಾಗಿ ಈ ವ್ಯವಸ್ಥೆಯನ್ನು ಆಶ್ರಯಿಸಿತು. ಕೃಷ್ಣೆಯ ಆಚೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಸಕ್ಕರೆ ಕಾರ್ಖಾನೆಯು ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು ತೆಗೆದು ಇದೇ ದಾರಿ ಹಿಡಿಯಿತು.

ಇವರು ಮಾರಿದುದು ವಿದ್ಯುತ್ತನ್ನಷ್ಟೇ ಅಲ್ಲ, ಒಂದು ವ್ಯತ್ಯಾಸವನ್ನು. ನಮ್ಮ ದೇಶದ ವಿದ್ಯುತ್ ಜಾಲದ ಒಂದು ಯೂನಿಟ್ಟಿನ ಹಿಂದೆ ಸರಾಸರಿ ಸುಮಾರು 700 ಗ್ರಾಂ ಇಂಗಾಲಾಮ್ಲ ಇದೆ. ಗಾಳಿಯಂತ್ರವೊಂದು ಒಂದು ಲಕ್ಷ ಯೂನಿಟ್ ಕೊಟ್ಟರೆ, ಅಷ್ಟರ ಮಟ್ಟಿಗೆ ಕಲ್ಲಿದ್ದಲು ಉರಿಯುವುದು ತಪ್ಪಿತೆಂದು ಸುಮಾರು 70 ಟನ್ನಿನ ಕ್ರೆಡಿಟ್ ಕೇಳಬಹುದು.

ಕಾಣದ ಅಂಕಣ

ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯ ಖಾತೆಯಲ್ಲಿ ಜಮೆಯ ಅಂಕಣವೂ ಖರ್ಚಿನ ಅಂಕಣವೂ ನಡೆದುಹೋದ ಸಂಗತಿಗಳನ್ನು ಹೇಳುತ್ತವೆ. ಇಂಗಾಲದ ಖಾತೆಯಲ್ಲಿ ಒಂದು ಅಂಕಣ ನಡೆದುದನ್ನು ಹೇಳುತ್ತದೆ; ಇನ್ನೊಂದು, ‘ಈ ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು’ ಎಂಬುದನ್ನು. ನಡೆಯದೆ ಹೋದುದನ್ನು ಯಾರು ಅಳೆಯಬಲ್ಲರು? ಒಬ್ಬನು ತನ್ನ ಬದುವಿನಲ್ಲಿ ಹೇಗೂ ನೆಡಬೇಕೆಂದಿದ್ದ ಬೇವಿನ ಗಿಡವನ್ನು ನೆಟ್ಟು, “ನಿಮ್ಮ ಹಣದಿಂದಲೇ ನೆಟ್ಟೆ” ಎಂದರೆ ಆಕಾಶಕ್ಕೆ ಏನೂ ಲಾಭವಾಗಲಿಲ್ಲ. ಅವನ ಮಾತನ್ನು ನಂಬಿ ಇನ್ನೊಬ್ಬನು ಮಾತ್ರ ಒಂದಿಷ್ಟು ಹೊಗೆಯನ್ನು ಹೆಚ್ಚಾಗಿ ಬಿಟ್ಟನು. ವಿದ್ಯುತ್ತು ಮಾರಿಯೇ ಲಾಭ ಗಳಿಸಬಲ್ಲ ಗಾಳಿಯಂತ್ರಕ್ಕೂ ಹೇಗೂ ಉರಿಸಬಹುದಾಗಿದ್ದ ಕುಲುಮೆಯ ಅನಿಲಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಸಿಡಿಎಂ ನಿಯಮಗಳು ಈ ಪ್ರಶ್ನೆಯನ್ನು ಕೇಳುತ್ತಿದ್ದುದು ನಿಜ. ಆದರೆ ಉತ್ತರದ ಕರಡನ್ನು ಬರೆಯುತ್ತಿದ್ದವನು ಮಾರುವವನೇ. ಅದನ್ನು ಪರೀಕ್ಷಿಸುವ ಸಂಸ್ಥೆಗೆ ಸಂಬಳ ಕೊಡುತ್ತಿದ್ದವನೂ ಅವನೇ.

ಇದರ ವಿಪರೀತವನ್ನು ತೋರಿಸಿದುದು ಎಚ್‌ಎಫ್‌ಸಿ-23 ಎಂಬ ಅನಿಲದ ಪ್ರಕರಣ. ಶೀತಕ ಯಂತ್ರಗಳಿಗೆ ಬೇಕಾದ ಅನಿಲವನ್ನು ತಯಾರಿಸುವಾಗ ಇದು ಉಪವಸ್ತುವಾಗಿ ಹುಟ್ಟುತ್ತದೆ. ಇದರ ಒಂದು ಟನ್ನು 11,700 ಟನ್ ಇಂಗಾಲಾಮ್ಲಕ್ಕೆ ಸಮವೆಂದು ಅಂದಿನ ನಿಯಮದಲ್ಲಿ ಗೊತ್ತುಮಾಡಿದ್ದರು. ಚೀನದ ಮತ್ತು ಭಾರತದ ಕೆಲವೇ ಕಾರ್ಖಾನೆಗಳು ಇದನ್ನು ಸುಟ್ಟುಹಾಕಿ ಕೋಟಿಗಟ್ಟಲೆ ಕ್ರೆಡಿಟ್ ಪಡೆದುವು. ಸುಡುವ ಖರ್ಚು ಅತ್ಯಲ್ಪ, ಬರುವ ಹಣ ಅಪಾರ. ಹೀಗಾಗಿ ಸುಟ್ಟು ಹಣ ಗಳಿಸುವುದಕ್ಕೋಸ್ಕರವೇ ಹೆಚ್ಚು ಅನಿಲ ತಯಾರಿಸುತ್ತಿದ್ದಾರೆ ಎಂಬ ಆಕ್ಷೇಪಣೆ ಬಂತು. ಐರೋಪ್ಯ ಒಕ್ಕೂಟವು 2013ರ ಮೇ ತಿಂಗಳಿಂದ ಇಂಥ ಕ್ರೆಡಿಟ್‌ಗಳನ್ನು ತನ್ನ ಪೇಟೆಯಲ್ಲಿ ನಿಷೇಧಿಸಿತು.

ಅಷ್ಟರಲ್ಲಿ ಪೇಟೆಯೇ ಕುಸಿದಿತ್ತು. 2008ರಲ್ಲಿ ಟನ್ನಿಗೆ 20 ಯೂರೋ ದಾಟಿದ್ದ ಸಿಡಿಎಂ ಕ್ರೆಡಿಟ್ಟಿನ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಇಳಿಯಿತು. ಆರ್ಥಿಕ ಮುಗ್ಗಟ್ಟಿನಿಂದ ಕೊಳ್ಳುವವರು ಕಡಿಮೆಯಾದರು, ಮಾರುವ ಕಾಗದ ಮಾತ್ರ ಹೆಚ್ಚುತ್ತ ಹೋಯಿತು. ಇದಕ್ಕೆ ಪ್ರತಿಯಾಗಿ, ಮಿತಿಯನ್ನು ಬಿಗಿಗೊಳಿಸಿ ಹಂಚಿದ ಐರೋಪ್ಯ ಪರವಾನಗಿಗಳ ಬೆಲೆ 2023ರ ಫೆಬ್ರವರಿಯಲ್ಲಿ 100 ಯೂರೋ ಮುಟ್ಟಿತು. ಎರಡೂ ಒಂದು ಟನ್ನಿನ ಪತ್ರಗಳೇ. ಒಂದರ ಮಿತಿಯನ್ನು ಸರಕಾರ ಕಾಯುತ್ತಿತ್ತು, ಇನ್ನೊಂದಕ್ಕೆ ಮಿತಿಯೇ ಇರಲಿಲ್ಲ.

ಒಲೆಯ ಲೆಕ್ಕ

ಇದೆಲ್ಲ ದೊಡ್ಡ ಕಂಪನಿಗಳ ಮಾತಾಯಿತು. ಬಡವರ ಮನೆಯ ಒಲೆಗೂ ಈ ಪೇಟೆ ಬಂದಿದೆ ಎಂದರೆ ಆಶ್ಚರ್ಯಪಡಬೇಡಿರಿ. ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕೂಲಿ ಸಂಘದ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ 2005ರ ಡಿಸೆಂಬರಿನಲ್ಲಿ ಸಿಡಿಎಂ ಪಟ್ಟಿಗೆ ಸೇರಿತು. ಸೌದೆ, ಸೀಮೆಎಣ್ಣೆ ಉಳಿದುದರಿಂದ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ನಿನ ಉಳಿತಾಯವೆಂದು ಅಂದಾಜು ಮಾಡಲಾಗಿತ್ತು. ಇದರಲ್ಲಿ ಮೆಚ್ಚಬೇಕಾದ ಸಂಗತಿಯೆಂದರೆ, ಯೋಜನೆಯ ಒಡೆತನ ಹೊರಗಿನ ಕಂಪನಿಯದಾಗಿರಲಿಲ್ಲ. ಕೂಲಿಕಾರರ ಸಂಘದ್ದೇ ಆಗಿತ್ತು.

ಇದೇ ಲೆಕ್ಕವನ್ನು ನಾಲತವಾಡದ ಕಡೆಗೆ ತಂದು ನೋಡೋಣ. ನಮ್ಮ ಎರೆಭೂಮಿಯ ಹಳ್ಳಿಗಳಲ್ಲಿ ಕಾಡು ಎಂಬುದೇ ಕಡಿಮೆ. ಒಲೆಗೆ ಹೋಗುವುದು ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಕುಳ್ಳು, ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿ. ಹತ್ತಿಯ ಗಿಡ ಈ ವರ್ಷ ಉರಿದು ಬಿಟ್ಟ ಇಂಗಾಲವನ್ನು ಮುಂದಿನ ವರ್ಷದ ಹತ್ತಿಯ ಗಿಡ ಹೀರಿಕೊಳ್ಳುತ್ತದೆ. ಆದುದರಿಂದ ಪ್ರಾಮಾಣಿಕ ಲೆಕ್ಕದಲ್ಲಿ ಈ ಇಂಗಾಲಾಮ್ಲವು ಸೊನ್ನೆ. ಮರಳಿ ಬೆಳೆಯದ ಮರವನ್ನು ಕಡಿದು ಉರಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅಂದರೆ, ವರ್ಷಗಟ್ಟಲೆ ಕುಳ್ಳಿನ ಹೊಗೆಯಲ್ಲಿ ಕಣ್ಣುಜ್ಜಿಕೊಂಡ ನಮ್ಮ ತಾಯಂದಿರು ಆಕಾಶಕ್ಕೆ ಹೆಚ್ಚಿನ ಸಾಲವನ್ನೇನೂ ಮಾಡಿಲ್ಲ. ಅವರಿಗೆ ಹೊಗೆಯಿಲ್ಲದ ಒಲೆ ಬೇಕು, ಖಂಡಿತ ಬೇಕು. ಅದು ಬೇಕಾದುದು ಅವರ ಕಣ್ಣಿಗೆ, ಅವರ ಪುಪ್ಪುಸಕ್ಕೆ; ದೂರದ ಕಾರ್ಖಾನೆಯ ಪಾಪವನ್ನು ತೊಳೆಯುವುದಕ್ಕಲ್ಲ.

ಪೇಟೆಯಲ್ಲಿ ಎಡವಿದುದೂ ಈ ಸ್ಥಳದಲ್ಲಿಯೇ. 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಬೇರೆಬೇರೆ ದೇಶಗಳ ಒಲೆ ಯೋಜನೆಗಳನ್ನು ಪರೀಕ್ಷಿಸಿ, ನಿಜವಾದ ಉಳಿತಾಯಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಕ್ರೆಡಿಟ್ ಬರೆದಿರುವುದನ್ನು ಕಂಡರು. ಮರಳಿ ಬೆಳೆಯದ ಸೌದೆಯ ಪಾಲನ್ನು ಹಿಗ್ಗಿಸಿ ಹೇಳಿದುದು, ಹೊಸ ಒಲೆಯ ಜೊತೆಗೆ ಹಳೆಯ ಒಲೆಯೂ ಉರಿಯುತ್ತಿದ್ದುದನ್ನು ಎಣಿಸದೆ ಬಿಟ್ಟುದು ಇದಕ್ಕೆ ಮುಖ್ಯ ಕಾರಣಗಳು. ಗ್ಯಾಸಿನ ಸಿಲಿಂಡರು ಇದ್ದರೂ ಸ್ನಾನದ ನೀರು ಕಟ್ಟಿಗೆಯ ಒಲೆಯ ಮೇಲೆಯೇ ಕಾಯುವುದನ್ನು ಬಲ್ಲ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೊಸ ಕಾನೂನು

ಕ್ಯೋಟೋದ ಸ್ಥಾನವನ್ನು ಈಗ 2015ರ ಪ್ಯಾರಿಸ್ ಒಪ್ಪಂದ ಪಡೆದಿದೆ. ಅದರ ಅನ್ವಯ ಭಾರತವೂ ತನ್ನದೇ ಗುರಿಗಳನ್ನು ಇಟ್ಟುಕೊಂಡಿದೆ. ಆದುದರಿಂದ ಇಲ್ಲಿ ಉಳಿಸಿದ ಟನ್ನನ್ನು ಹೊರಗೆ ಮಾರಿದರೆ ಅದನ್ನು ನಾವು ನಮ್ಮ ಲೆಕ್ಕದಲ್ಲಿ ತೋರಿಸುವಂತಿಲ್ಲ; ಒಂದೇ ಚೀಲ ಜೋಳವನ್ನು ಇಬ್ಬರಿಗೆ ತೂಗಲಾಗದು. ನಮ್ಮ ಸಂಸತ್ತು 2022ರಲ್ಲಿ ಶಕ್ತಿ ಸಂರಕ್ಷಣೆಯ ಕಾನೂನನ್ನು ತಿದ್ದಿತು; 2023ರ ಜೂನಿನಲ್ಲಿ ದೇಶದೊಳಗಿನ ಇಂಗಾಲ ಪೇಟೆಯ ಯೋಜನೆ ಪ್ರಕಟವಾಯಿತು; 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮೊದಲಾದ ಉದ್ಯಮಗಳಿಗೆ ಗುರಿಗಳನ್ನು ಗೊತ್ತುಮಾಡಿದರು. ಈ ಸಲ ಲೆಕ್ಕ ಚಿಮಣಿಗೆ ಹತ್ತಿರ ಬಂದಿದೆ, ಇದು ಸ್ವಾಗತಾರ್ಹ. ಗುರಿಯನ್ನು ಮೀರಿ ಉಳಿಸಿದ ಕಾರ್ಖಾನೆ ಮಾರಬಹುದು, ತಪ್ಪಿದ ಕಾರ್ಖಾನೆ ಕೊಳ್ಳಬೇಕು.

ಆದರೆ ಎರಡು ಮಾತನ್ನು ನಾವು ಗಮನಿಸಬೇಕು. ಗುರಿ ಇರುವುದು ಒಂದು ಟನ್ ಸರಕಿಗೆ ಎಷ್ಟು ಹೊಗೆ ಎಂಬುದರ ಮೇಲೆ, ಒಟ್ಟು ಹೊಗೆಯ ಮೇಲಲ್ಲ. ಸರಕು ಹೆಚ್ಚಾದರೆ ಹೊಗೆಯೂ ಹೆಚ್ಚಾಗಬಹುದು. ಎರಡನೆಯದಾಗಿ, ಮೊದಲ ಹಂತಕ್ಕೆ ಆರಿಸಿಕೊಂಡ ಉದ್ಯಮಗಳಲ್ಲಿ ಕಲ್ಲಿದ್ದಲಿನ ವಿದ್ಯುತ್ ಕೇಂದ್ರಗಳು ಸೇರಿಲ್ಲ. ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗೆ ಬಿಡುವ ಉದ್ಯಮವೇ ಅದು. ಕಲಬುರಗಿ ಸೀಮೆಯ ಸಿಮೆಂಟಿನ ಉದ್ಯಮಕ್ಕೆ ಹಾಕಿದ ಲೆಕ್ಕದ ಕಟ್ಟು ಕೂಡಗಿಯ ಚಿಮಣಿಗೆ ಇನ್ನೂ ಇಲ್ಲ.

ಇಂದು ಗಿಡ ನೆಡುವ ಯೋಜನೆ, ಮಣ್ಣಿನಲ್ಲಿ ಇಂಗಾಲ ಹಿಡಿಯುವ ಯೋಜನೆ, ಒಲೆ ಹಂಚುವ ಯೋಜನೆಗಳ ಹೆಸರಿನಲ್ಲಿ ಕಂಪನಿಗಳ ಪ್ರತಿನಿಧಿಗಳು ದೇಶದ ಹಳ್ಳಿಗಳಿಗೆ ಕರಾರುಪತ್ರ ಹಿಡಿದು ಬರುತ್ತಿದ್ದಾರೆ. ಎಲ್ಲರೂ ಮೋಸಗಾರರೆಂದು ಬಾಗಿಲು ಹಾಕಿಕೊಳ್ಳುವುದು ವಿವೇಕವಲ್ಲ. ಬಾಗೇಪಲ್ಲಿಯವರು ಹಾಗೆ ಮಾಡಲಿಲ್ಲ. ಹುಂಡಿಯನ್ನು ಕೈಗೆ ತೆಗೆದುಕೊಂಡ ವರ್ತಕನು ಮಾಡುತ್ತಿದ್ದಂತೆ ತಿರುವಿ ನೋಡಿರಿ. ಪತ್ರ ಕನ್ನಡದಲ್ಲಿದೆಯೆ? ಎಷ್ಟು ವರ್ಷದ ಕಟ್ಟು, ನಡುವೆ ಹೊಲ ಮಾರಿದರೆ ಯಾರು ಹೊಣೆ? ಬರಗಾಲಕ್ಕೆ ಗಿಡ ಒಣಗಿದರೆ ನಷ್ಟ ಯಾರದು? ಕ್ರೆಡಿಟ್ ಯಾರ ಹೆಸರಿನಲ್ಲಿ ಹುಟ್ಟುತ್ತದೆ, ಅದನ್ನು ಮಾರಿದ ಬೆಲೆಯನ್ನು ನಮಗೆ ತೋರಿಸುವಿರಾ? ಈ ಯೋಜನೆ ಇಲ್ಲದಿದ್ದರೆ ನಾವು ಏನು ಮಾಡುತ್ತಿದ್ದೆವು ಎಂದು ನಿಮ್ಮ ವಹಿಯಲ್ಲಿ ಬರೆದುಕೊಂಡಿದ್ದೀರಿ? ಅದನ್ನು ನಮ್ಮೆದುರಿಗೆ ಓದಿ ಹೇಳಿರಿ.

ಕೊನೆಯ ಪ್ರಶ್ನೆಯನ್ನು ಬಿಡದೆ ಕೇಳಬೇಕು. ನಿಮ್ಮ ಹೊಲದಲ್ಲಿ, ನಿಮ್ಮ ಒಲೆಯಲ್ಲಿ ನಡೆಯುತ್ತಿದ್ದುದೇನೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ. ಆ ಅಂಕಣವನ್ನು ನೀವು ಓದಿ ಒಪ್ಪಿದ ಮೇಲೆಯೇ ಸಹಿಯ ಮಾತು.